ಸ್ವಲ್ಪದಾಗ ತಪ್ಪಿತು: ದವಾಖಾನೆಯ ರೂಢಿಯನ್ನು ಅಳೆಯುವುದು, ತಿದ್ದುವುದು



ಸೋಲಾಪುರದ ಹತ್ತಿರದ ಬೋರಾಮಣಿಯ ಈ ದತ್ತಿ ಉಪನ್ಯಾಸಕ್ಕೆ ಕರೆಯಲು ಬಂದವರು ನನ್ನ ಮುಂದೆ ಒಂದೇ ಷರತ್ತು ಇಟ್ಟರು: ‘ದವಾಖಾನಿ ಬಗ್ಗೆ ಮಾತಾಡ್ರಿ, ಆದರ ನಮ್ಮ ಮಂದಿಗೆ ತಿಳಿಯೂ ಹಂಗ ಮಾತಾಡ್ರಿ.’ ನಾನು ಒಪ್ಪಿಕೊಂಡೆ. ಮೂವತ್ತು ವರ್ಷಕ್ಕೂ ಮಿಕ್ಕಿ ವಾರ್ಡುಗಳಲ್ಲೇ ಕಳೆದವನಿಗೆ ಹೇಳಲು ಬೇಕಾದಷ್ಟಿದೆ. ಆದರೆ ಇವತ್ತು ಯಾವ ರೋಗದ ಬಗ್ಗೆಯೂ ಹೇಳುವುದಿಲ್ಲ. ಗುಣವಾಗಲೆಂದು ಬಂದವರಿಗೆ ದವಾಖಾನೆಯಲ್ಲಿಯೇ ಕೇಡಾಗುವುದು ಹೇಗೆ, ಅದನ್ನು ತಡೆಯುವ ರೂಢಿ ಒಂದು ಕಡೆ ಬೇರೂರಿ ಇನ್ನೊಂದು ಕಡೆ ಬೇರೂರದೆ ಹೋಗುವುದು ಏಕೆ, ಆ ರೂಢಿಯನ್ನು ಅಳೆಯಲು ಬರುತ್ತದೆಯೇ, ಇಷ್ಟೇ ನನ್ನ ವಿಷಯ.

ಒಂದು ರಾತ್ರಿಯಿಂದ ಶುರುಮಾಡುತ್ತೇನೆ. ಗಡಿಭಾಗದ ಒಂದು ದೊಡ್ಡ ಆಸ್ಪತ್ರೆ. ಊರೂ ಬೇಡ, ಹೆಸರೂ ಬೇಡ. ನಾನಾಗ ಓದು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಇದು ಸೋಲಾಪುರದ ಶರಣ ಸಿದ್ಧರಾಮನ ನಾಡು. ಓಣಿಗೆ ನಾಲ್ವರು ಸಿದ್ರಾಮಪ್ಪಗಳು, ಐವರು ಸಿದ್ದಮ್ಮಗಳು. ಆ ರಾತ್ರಿ ನನ್ನ ವಾರ್ಡಿನಲ್ಲಿಯೂ ಇಬ್ಬರು ಸಿದ್ರಾಮಪ್ಪ ಇದ್ದರು. ಇಬ್ಬರೂ ಅರವತ್ತರ ಆಸುಪಾಸು, ಇಬ್ಬರಿಗೂ ರಕ್ತ ಏರಿಸಬೇಕಾಗಿತ್ತು. ಒಬ್ಬರದು ‘ಬಿ’ ಗುಂಪು, ಇನ್ನೊಬ್ಬರದು ‘ಓ’. ರಾತ್ರಿ ಎರಡು ದಾಟಿರಬೇಕು. ರಕ್ತದ ಚೀಲ ಹಿಡಿದು ಮೊದಲ ಕಾಟಿನ ಹತ್ತಿರ ಹೋದೆ. ‘ಸಿದ್ರಾಮಪ್ಪ ಅಲ್ರೀ ನೀವು?’ ಎಂದೆ. ಮುದುಕರು ಕಣ್ಣು ಮುಚ್ಚಿಕೊಂಡೇ ‘ಹೂಂರೀ’ ಎಂದರು. ಸುಳ್ಳೇನೂ ಹೇಳಲಿಲ್ಲ. ಅವರೂ ಸಿದ್ರಾಮಪ್ಪನೇ.

ನೆಲ ಒರೆಸುತ್ತಿದ್ದ ಮಾವಶಿ ಎದ್ದು ನಿಂತಳು. ವಾರ್ಡಿನ ಆಯಾಗಳನ್ನು ನಮ್ಮ ಕಡೆ ಮಾವಶಿ ಅಂತಲೇ ಕರೆಯುವುದು ನಿಮಗೆ ಗೊತ್ತು. ‘ಸಾಹೇಬ್ರ, ಇವ್ರು ಆ ಸಿದ್ರಾಮಪ್ಪ ಅಲ್ರಿ. ಅವ್ರು ಖಿಡಕಿ ಕಡೆ ಅದಾರ’ ಎಂದಳು. ನಾನು, ‘ನಿನ್ನ ಕೆಲಸಾ ನೀ ನೋಡು’ ಎಂದೆ. ಆಕೆ ತಲೆ ತಗ್ಗಿಸಿದಳು. ಆದರೆ ಜಾಗ ಬಿಟ್ಟು ಕದಲಲಿಲ್ಲ. ಆಕೆಯ ಮಾತು ತಪ್ಪೆಂದು ತೋರಿಸಬೇಕೆಂದೇ ನಾನು ಕೇಸ್ ಪೇಪರ್ ತೆಗೆದು ನೋಡಿದೆ. ಚೀಲದ ಮೇಲೆ ‘ಬಿ’ ಇತ್ತು. ಕಾಗದದಲ್ಲಿ ‘ಓ’ ಇತ್ತು.

ಹೊಂದದ ಗುಂಪಿನ ರಕ್ತ ಸ್ವಲ್ಪವೇ ಒಳಗೆ ಹೋದರೂ ಸಾಕು, ಏರಿಸಿದ ರಕ್ತಕಣಗಳು ಮೈಯೊಳಗೆ ಒಡೆಯುತ್ತವೆ, ಮೂತ್ರಪಿಂಡ ಕೈಬಿಡಬಹುದು, ಜೀವವೂ ಹೋಗಬಹುದು. ಇದನ್ನು ನಾನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಮಾವಶಿಗೆ ಓದಲು ಬರುತ್ತಿರಲಿಲ್ಲ. ಆದರೆ ಖಿಡಕಿ ಪಕ್ಕದ ಸಿದ್ರಾಮಪ್ಪನಿಗೆ ಸಂಜೆ ಮಗ ಬಂದು ಭಾಕರಿ ಕೊಟ್ಟು ಹೋದದ್ದನ್ನು, ಈ ಸಿದ್ರಾಮಪ್ಪನ ಹತ್ತಿರ ಯಾರೂ ಬರದೇ ಇದ್ದದ್ದನ್ನು ಆಕೆ ನೋಡಿದ್ದಳು. ಇಬ್ಬರ ಉಚ್ಚೆಯ ಪಾತ್ರೆ ಚೆಲ್ಲಿದವಳು ಆಕೆ. ಇಬ್ಬರೂ ಬೇರೆ ಬೇರೆ ಮನುಷ್ಯರೆಂದು ಆ ರಾತ್ರಿ ಆ ವಾರ್ಡಿನಲ್ಲಿ ಗೊತ್ತಿದ್ದದ್ದು ಆಕೆಯೊಬ್ಬಳಿಗೇ.

ಆಮೇಲೆ ಏನಾಯಿತು? ಚೀಲ ಸರಿಯಾದ ಕಾಟಿಗೆ ಹೋಯಿತು. ಸಿಸ್ಟರ್ ‘ಸ್ವಲ್ಪದಾಗ ತಪ್ಪಿತ್ ನೋಡ್ರಿ’ ಎಂದರು. ಚಹಾ ಕುಡಿದೆವು. ನಾನು ಎಲ್ಲಿಯೂ ಬರೆಯಲಿಲ್ಲ, ಬೆಳಗಿನ ರೌಂಡಿನಲ್ಲಿ ಹಿರಿಯರಿಗೆ ಹೇಳಲಿಲ್ಲ, ಮಾವಶಿಗೆ ಒಂದು ಒಳ್ಳೆಯ ಮಾತೂ ಆಡಲಿಲ್ಲ. ಅಂಥ ತಪ್ಪು ಆ ಆಸ್ಪತ್ರೆಯಲ್ಲಿ ಮುಂದೆ ಮತ್ತೆ ಆಯಿತೇ ಎಂದು ನೀವು ಕೇಳಿದರೆ ಉತ್ತರ ಕೊಡಲು ನನ್ನ ಹತ್ತಿರ ಕಾಗದವೇ ಇಲ್ಲ. ಯಾಕೆಂದರೆ ಮೊದಲನೆಯದನ್ನು ನಾನೇ ಬರೆದಿಡಲಿಲ್ಲ.

ರೋಗಿಯ ಸುರಕ್ಷತೆ ಎಂದು ಇವತ್ತು ಜಗತ್ತಿನಲ್ಲೆಲ್ಲ ಮಾತಾಡುವುದು ಈ ಇಡೀ ಸಂಗತಿಯ ಬಗ್ಗೆ. ನನ್ನ ಕೈ ತಪ್ಪಿದ್ದು ಅದರ ಒಂದು ತುಣುಕು ಮಾತ್ರ. ಮಾವಶಿ ಬಾಯಿ ಬಿಟ್ಟದ್ದು, ನಾನು ಗದರಿದ್ದು, ಎಲ್ಲರೂ ಸುಮ್ಮನಾದದ್ದು ಉಳಿದ ತುಣುಕುಗಳು. ಈ ನಡವಳಿಕೆಗೆಲ್ಲ ಸೇರಿ ಇಂಗ್ಲಿಷಿನವರು ‘ಸೇಫ್ಟಿ ಕಲ್ಚರ್’ ಎನ್ನುತ್ತಾರೆ. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಿಸಿದ ಮೇಲೆ ಕಾರಣ ಹುಡುಕಲು ಕೂತ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಜ್ಞರು ಈ ಮಾತನ್ನು ಬಳಕೆಗೆ ತಂದರು. ಯಂತ್ರದ ದೋಷವಷ್ಟೇ ಅಲ್ಲ, ಅಲ್ಲಿ ದುಡಿಯುವವರ ನಡವಳಿಕೆಯಲ್ಲಿಯೇ ಏನೋ ಕೆಟ್ಟಿತ್ತು ಎಂದು ಹೇಳಲು ಅವರಿಗೊಂದು ಪದ ಬೇಕಾಗಿತ್ತು. ಕನ್ನಡದಲ್ಲಿ ಅದನ್ನು ‘ಸುರಕ್ಷತಾ ಸಂಸ್ಕೃತಿ’ ಎಂದು ಬರೆಯುತ್ತಾರೆ. ನನಗೆ ಆ ಪದ ಒಗ್ಗುವುದಿಲ್ಲ. ಸಂಸ್ಕೃತಿ ಎಂದರೆ ನಮ್ಮ ಮಂದಿಗೆ ನೆನಪಾಗುವುದು ಸೋಲಾಪುರದ ಗಡ್ಡೆಯ ಜಾತ್ರೆ, ನಂದಿಕೋಲು, ಕೀರ್ತನೆ. ‘ರೂಢಿ’ ಎನ್ನಿ, ಥಟ್ಟನೆ ತಿಳಿಯುತ್ತದೆ. ಸಾಹೇಬರು ಇಲ್ಲದಾಗ, ತಪಾಸಣೆಯವರು ಬರದಾಗ, ರಾತ್ರಿ ಎರಡು ಗಂಟೆಗೆ, ಆ ದವಾಖಾನೆಯಲ್ಲಿ ಏನು ನಡೆಯುತ್ತದೋ ಅದು ಅದರ ರೂಢಿ.

ದವಾಖಾನೆಯಲ್ಲೇ ಆಗುವ ಈ ಕೇಡು ಎಷ್ಟು ದೊಡ್ಡದು ಎಂಬ ಲೆಕ್ಕ ಬಹಳ ತಡವಾಗಿ ಶುರುವಾಯಿತು. 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂದು ವರದಿ ತಂದು, ತಮ್ಮ ದೇಶದ ಆಸ್ಪತ್ರೆಗಳಲ್ಲಿ ತಡೆಯಬಹುದಾದ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಾರೆಂದು ಅಂದಾಜು ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯ ಇತ್ತೀಚಿನ ಅಂದಾಜಿನಂತೆ ಜಗತ್ತಿನಲ್ಲಿ ಚಿಕಿತ್ಸೆ ಪಡೆಯುವ ಸುಮಾರು ಹತ್ತರಲ್ಲಿ ಒಬ್ಬರಿಗೆ ಚಿಕಿತ್ಸೆಯಿಂದಲೇ ಒಂದಿಲ್ಲೊಂದು ಕೇಡಾಗುತ್ತದೆ. ಸುರಕ್ಷಿತವಲ್ಲದ ಆರೈಕೆಯಿಂದ ವರ್ಷಕ್ಕೆ 30 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ. 2019ರಿಂದ ಸೆಪ್ಟೆಂಬರ್ 17ನ್ನು ರೋಗಿ ಸುರಕ್ಷತಾ ದಿನವೆಂದು ಆಚರಿಸುತ್ತಾರೆ. ನಮ್ಮ ಕೇಂದ್ರ ಸರಕಾರವೂ 2018ರಿಂದ 2025ರವರೆಗಿನ ಒಂದು ರಾಷ್ಟ್ರೀಯ ಚೌಕಟ್ಟನ್ನು ಹೊರಡಿಸಿತು.

ಅಂಕಿಗಿಂತ ಹತ್ತಿರದ ಸಂಗತಿ ನೋಡೋಣ. ನಮ್ಮದೇ ಮಹಾರಾಷ್ಟ್ರ ರಾಜ್ಯದ ಭಂಡಾರಾ ಜಿಲ್ಲಾ ಆಸ್ಪತ್ರೆಯಲ್ಲಿ 2021ರ ಜನವರಿ 9ರ ನಸುಕಿನಲ್ಲಿ ನವಜಾತ ಶಿಶುಗಳ ವಿಭಾಗಕ್ಕೆ ಬೆಂಕಿ ಬಿತ್ತು. 17 ಕೂಸುಗಳಲ್ಲಿ ಏಳನ್ನು ಹೊರಗೆ ತಂದರು, 10 ಹೋದವು. ಅದೇ ವರ್ಷ ಏಪ್ರಿಲ್ 21ರಂದು ನಾಶಿಕದ ಡಾ. ಝಾಕಿರ್ ಹುಸೇನ್ ಆಸ್ಪತ್ರೆಯಲ್ಲಿ ಆಕ್ಸಿಜನ್ ಟಾಕಿ ಸೋರಿ, ಆಕ್ಸಿಜನ್ ಮೇಲಿದ್ದ ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಆ ಕಡೆ ಕರ್ನಾಟಕದಲ್ಲಿ, 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬೊಬ್ಬರಾಗಿ ಕುಸಿದರು. ಐವರು ತೀರಿಕೊಂಡರು. ಏರಿಸಿದ ಸಲಾಯಿನ್ ಮೇಲೆ, ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ, ಸಂಶಯ ಬಂತು. ಅದನ್ನು ತಯಾರಿಸಿದ ಕಂಪನಿಯ ದ್ರಾವಣದ ಬಳಕೆಯನ್ನು ರಾಜ್ಯದಲ್ಲೆಲ್ಲ ನಿಲ್ಲಿಸಿದರು. ಅದೇ ಕಂಪನಿಯ ಕೆಲವು ಬ್ಯಾಚುಗಳ ಗುಣಮಟ್ಟದ ಬಗ್ಗೆ ಮೊದಲೇ ತಕರಾರು ಎದ್ದಿತ್ತು.

ಇಂಥ ಪ್ರತಿ ಸಂಗತಿಯ ಹಿಂದೆ ಅಮಾನತು, ವಜಾ, ಪರಿಹಾರದ ಘೋಷಣೆ, ತನಿಖಾ ಸಮಿತಿ ಬಂದೇ ಬರುತ್ತವೆ. ಬರಲಿ, ತಪ್ಪಿತಸ್ಥರಿಗೆ ಶಿಕ್ಷೆಯಾಗಲಿ. ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಬೆಂಕಿ ಬೀಳುವ ಮೊದಲು ಆ ಕೋಣೆಯ ವೈರು ಬಿಸಿಯಾದದ್ದನ್ನು ಯಾರಾದರೂ ಮುಟ್ಟಿ ನೋಡಿರಬಹುದೇ? ಸಲಾಯಿನ್ ಹಚ್ಚಿದ ಮೇಲೆ ಚಳಿ ಬಂದು ನಡುಗಿದ ಬಾಣಂತಿಯನ್ನು ಯಾವುದೋ ತಾಲ್ಲೂಕಿನ ಯಾವುದೋ ಸಿಸ್ಟರ್ ಮೊದಲೇ ಕಂಡಿರಬಹುದೇ? ಕಂಡಿದ್ದರೆ ಹೇಳಲು ಆಕೆಗೊಂದು ದಾರಿ ಇತ್ತೇ? ಹೇಳಿದರೆ ಕೇಳುವವರಿದ್ದರೇ?

ಬೋರಾಮಣಿಯ ಹೆಸರು ಹೊರಗಿನ ಜನಕ್ಕೆ ಗೊತ್ತಿರುವುದು ವಿಮಾನ ನಿಲ್ದಾಣಕ್ಕೆಂದು ಗುರುತು ಮಾಡಿದ ಭೂಮಿಯಿಂದ.  ಕಂಡದ್ದನ್ನು ಹೇಳುವ ದಾರಿಯ ಬಗ್ಗೆ ವಿಮಾನ ನಡೆಸುವವರು ಡಾಕ್ಟರುಗಳಿಗೆ ಕಲಿಸಿದ ಒಂದು ಪಾಠವನ್ನು ಈ ನೆಲದಲ್ಲಿ ನಿಂತು ಹೇಳಲೇಬೇಕು. 1974ರ ಡಿಸೆಂಬರ್ 1ರಂದು ಅಮೆರಿಕದ ವಾಷಿಂಗ್ಟನ್ ಹತ್ತಿರ ಇಳಿಯಲು ಬರುತ್ತಿದ್ದ ಟಿಡಬ್ಲ್ಯೂಎ ಕಂಪನಿಯ ವಿಮಾನವೊಂದು ಗುಡ್ಡಕ್ಕೆ ಬಡಿದು 92 ಜನ ಸತ್ತರು. ಕೆಳಗಿನಿಂದ ಬಂದ ಅಪ್ಪಣೆಯ ಅರ್ಥವನ್ನು ಪೈಲಟ್ ಒಂದು ರೀತಿ ತಿಳಿದಿದ್ದ, ಕೆಳಗಿನವರು ಇನ್ನೊಂದು ರೀತಿ ತಿಳಿದಿದ್ದರು. ತನಿಖೆ ಮಾಡಿದಾಗ ತಿಳಿಯಿತು: ಆರು ವಾರ ಮೊದಲು ಯುನೈಟೆಡ್ ಕಂಪನಿಯ ವಿಮಾನವೊಂದು ಅದೇ ಗೊಂದಲದಲ್ಲಿ ಅದೇ ಗುಡ್ಡಕ್ಕೆ ಸಿಗುವುದು ಸ್ವಲ್ಪದಾಗ ತಪ್ಪಿತ್ತು. ಆ ಪೈಲಟ್ ತನ್ನ ಕಂಪನಿಗೆ ಹೇಳಿದ, ಕಂಪನಿ ತನ್ನ ಪೈಲಟ್‌ಗಳಿಗೆ ಎಚ್ಚರಿಕೆ ಕೊಟ್ಟಿತು. ಟಿಡಬ್ಲ್ಯೂಎ ಪೈಲಟ್‌ಗಳ ಕಿವಿಗೆ ಆ ಮಾತು ಮುಟ್ಟಲೇ ಇಲ್ಲ.

ಆಮೇಲೆ 1976ರಲ್ಲಿ ಅಮೆರಿಕದ ವಿಮಾನಯಾನದವರು ಒಂದು ವ್ಯವಸ್ಥೆ ಕಟ್ಟಿದರು. ಪೈಲಟ್ ಆಗಲಿ, ನಿಯಂತ್ರಣ ಕೋಣೆಯವರಾಗಲಿ, ‘ಹೀಗಾಯಿತು, ಸ್ವಲ್ಪದಾಗ ಉಳಿದೆವು’ ಎಂದು ಬರೆದು ಕಳಿಸಬಹುದು. ಬರೆದದ್ದು ಹೋಗುವುದು ಲೈಸೆನ್ಸ್ ಕಿತ್ತುಕೊಳ್ಳುವ ಇಲಾಖೆಗಲ್ಲ, ನಾಸಾ ಸಂಸ್ಥೆಗೆ. ಅವರು ಹೆಸರು ತೆಗೆದುಹಾಕಿ ಪಾಠವನ್ನಷ್ಟೇ ಎಲ್ಲರಿಗೂ ಹಂಚುತ್ತಾರೆ. ಬೇಕೆಂತಲೇ ಮಾಡದ ತಪ್ಪನ್ನು ಹತ್ತು ದಿನದೊಳಗೆ ಬರೆದು ತಿಳಿಸಿದವನಿಗೆ ದಂಡದಿಂದ ರಕ್ಷಣೆಯೂ ಉಂಟು. ಶಿಕ್ಷೆ ಕೊಡುವ ಕೈ, ಕೇಳುವ ಕಿವಿ ಎರಡೂ ಒಬ್ಬರದೇ ಆದರೆ ಯಾರೂ ಬಾಯಿ ಬಿಡುವುದಿಲ್ಲ ಎಂಬುದು ಅವರಿಗೆ ಅರ್ಥವಾಗಿತ್ತು.

ಇನ್ನೊಂದು ಪಾಠ ಮಗ್ಗದಿಂದ ಬಂದದ್ದು. ನಮ್ಮ ಕಡೆ ಸೋಲಾಪುರದ ಮಿಲ್ಲಿನಲ್ಲೋ ಚಾದರದ ಕಾರಖಾನೆಯಲ್ಲೋ ದುಡಿದವರಿಲ್ಲದ ಊರಿಲ್ಲ. ನೂಲು ಹರಿದದ್ದನ್ನು ನೋಡದೆ ಮಗ್ಗ ಓಡಿಸಿದರೆ ಏನಾಗುತ್ತದೆಂದು ಅವರನ್ನು ಕೇಳಿ: ಹರಿದ ಒಂದು ಎಳೆ ಇಡೀ ಚಾದರವನ್ನು ಕೆಡಿಸುತ್ತದೆ. ಜಪಾನಿನ ಸಾಕಿಚಿ ಟೊಯೋಡಾ ಎಂಬವರು, ನೂಲು ಹರಿದ ಕೂಡಲೇ ತಾನಾಗಿ ನಿಲ್ಲುವ ಮಗ್ಗ ಮಾಡಿದರು. 1924ರಲ್ಲಿ ಬಂದ ಅವರ ‘ಜಿ’ ಮಾದರಿಯ ಮಗ್ಗ ಹೆಸರುವಾಸಿ. ಅದೇ ಮನೆತನ ಮುಂದೆ ಟೊಯೊಟಾ ಕಾರು ಮಾಡಿತು. ಕಾರಖಾನೆಯಲ್ಲಿಯೂ ಅದೇ ನಿಯಮ ಇಟ್ಟರು: ಎಂಥ ಸಣ್ಣ ಕೆಲಸದವನಾದರೂ ಸರಿ, ತಪ್ಪು ಕಂಡರೆ ತಲೆಯ ಮೇಲಿನ ಹಗ್ಗ ಜಗ್ಗಬಹುದು, ಬೇಕಾದರೆ ಇಡೀ ಸಾಲು ನಿಲ್ಲುತ್ತದೆ. ಹಗ್ಗ ಜಗ್ಗಿದವನನ್ನು ಬೈಯುವ ಹಾಗಿಲ್ಲ. ಮೇಲಿನವರು ಓಡಿ ಬಂದು ‘ಏನಾಯಿತು?’ ಎಂದು ಕೇಳಬೇಕು.

ಅಮೆರಿಕದ ಸಿಯಾಟಲ್ ನಗರದ ವರ್ಜೀನಿಯಾ ಮೇಸನ್ ಆಸ್ಪತ್ರೆಯವರು ಈ ಹಗ್ಗವನ್ನು 2002ರಲ್ಲಿ ದವಾಖಾನೆಗೆ ತಂದರು. ಯಾವ ಸಿಬ್ಬಂದಿಯಾದರೂ ‘ನಿಲ್ಲಿಸಿ’ ಎನ್ನಬಹುದು. ಆದರೂ 2004ರ ನವೆಂಬರಿನಲ್ಲಿ ಅಲ್ಲಿ ಘೋರವೊಂದು ನಡೆಯಿತು. ಮೆದುಳಿನ ರಕ್ತನಾಳದ ಚಿಕಿತ್ಸೆಗೆ ಬಂದ ಮಹಿಳೆಗೆ, ಎಕ್ಸ್-ರೇಯಲ್ಲಿ ರಕ್ತನಾಳ ಕಾಣಿಸುವಂತೆ ಮಾಡುವ ದ್ರವದ ಬದಲು ಚರ್ಮ ಒರೆಸುವ ಔಷಧವನ್ನು ಚುಚ್ಚಿಬಿಟ್ಟರು. ಎರಡೂ ನೀರಿನಂತೆ ತಿಳಿ. ಪಾತ್ರೆಗಳ ಮೇಲೆ ಚೀಟಿ ಇರಲಿಲ್ಲ. ಆಕೆ ಬದುಕಲಿಲ್ಲ. ಆಸ್ಪತ್ರೆ ಅದನ್ನು ಮುಚ್ಚಿಡಲಿಲ್ಲ, ಊರಿಗೆಲ್ಲ ಸಾರಿ ಹೇಳಿ ಕ್ಷಮೆ ಕೇಳಿತು, ಆಮೇಲೆ ತನ್ನ ಪದ್ಧತಿ ಬದಲಿಸಿತು. ಹಗ್ಗ ಕಟ್ಟಿದ ಎರಡೇ ವರ್ಷಕ್ಕೆ ಅದು ಎಲ್ಲರ ಕೈಗೆ ಬಂದಿರಲಿಲ್ಲ. ರೂಢಿ ಅಷ್ಟು ನಿಧಾನವಾಗಿ ಬೆಳೆಯುವಂಥದು.

ಹಾಗಾದರೆ ಅಳೆಯುವುದು ಹೇಗೆ? ಜ್ವರಕ್ಕೆ ಥರ್ಮಾಮೀಟರ್ ಇದೆ, ರೂಢಿಗೆ ಏನಿದೆ?

ಪ್ರಶ್ನಾವಳಿ ಇದೆ. ಅಮೆರಿಕದ ಸರಕಾರಿ ಸಂಸ್ಥೆಯೊಂದು 2004ರಲ್ಲಿ ಆಸ್ಪತ್ರೆ ಸಿಬ್ಬಂದಿಗೆ ಕೇಳುವ 42 ಪ್ರಶ್ನೆಗಳನ್ನು ತಯಾರಿಸಿತು. 2019ರಲ್ಲಿ ಅದನ್ನು ತಿದ್ದಿ ಚಿಕ್ಕದು ಮಾಡಿದರು. ಜಗತ್ತಿನ ಹತ್ತಾರು ದೇಶಗಳಲ್ಲಿ, ನಮ್ಮ ದೇಶದಲ್ಲಿಯೂ, ಅದನ್ನು ಬಳಸಿದ್ದಾರೆ. ಅದು ಕೇಳುವುದರ ಸಾರ ಇಷ್ಟು: ತಪ್ಪು ಕಂಡರೆ ಮೇಲಿನವರ ಮುಂದೆ ಹೇಳಲು ನಿಮಗೆ ಧೈರ್ಯವಿದೆಯೇ? ಹೇಳಿದರೆ ನಿಮ್ಮ ಮೇಲೇ ಬರುತ್ತದೆಯೇ? ಒಂದು ಪಾಳಿಯವರು ಇನ್ನೊಂದು ಪಾಳಿಗೆ ರೋಗಿಯನ್ನು ಒಪ್ಪಿಸುವಾಗ ಮಾತು ಸೋರಿಹೋಗುತ್ತದೆಯೇ? ಕೆಲಸಕ್ಕೆ ಬೇಕಾದಷ್ಟು ಕೈಗಳಿವೆಯೇ? ಕಳೆದ ವರ್ಷ ನೀವು ಎಷ್ಟು ಸಂಗತಿ ಬರೆದು ತಿಳಿಸಿದಿರಿ? ದೇಶದಿಂದ ದೇಶಕ್ಕೆ ಉತ್ತರದಲ್ಲಿ ಏರುಪೇರು ಬಹಳ. ಆದರೆ ಒಂದು ಮಾತು ಬಹುತೇಕ ಎಲ್ಲ ಕಡೆ ಒಂದೇ. ‘ನಮ್ಮ ವಾರ್ಡಿನಲ್ಲಿ ನಾವು ಒಬ್ಬರಿಗೊಬ್ಬರು ಆಗುತ್ತೇವೆ’ ಎಂಬುದಕ್ಕೆ ಹೆಚ್ಚು ಅಂಕ ಬರುತ್ತದೆ. ‘ತಪ್ಪು ಹೇಳಿಕೊಂಡರೆ ನಮ್ಮನ್ನು ಶಿಕ್ಷಿಸುವುದಿಲ್ಲ’ ಎಂಬುದಕ್ಕೆ ಎಲ್ಲಕ್ಕಿಂತ ಕಡಿಮೆ ಅಂಕಗಳ ಸಾಲಿನಲ್ಲೇ ಜಾಗ.

ಈ ಪ್ರಶ್ನಾವಳಿಯನ್ನು ಹಾಗೇ ತಂದು ನಮ್ಮ ಕಡೆ ಹಂಚಿದರೆ ಮೋಸ ಹೋಗುತ್ತೇವೆ. ಸೋಲಾಪುರ, ಅಕ್ಕಲಕೋಟೆಯ ಯಾವ ದವಾಖಾನೆಗೆ ಹೋದರೂ ಕೇಸ್ ಪೇಪರಿನ ಮೇಲ್ಭಾಗ ಮರಾಠಿ, ಔಷಧದ ಚೀಟಿ ಇಂಗ್ಲಿಷ್, ಕಾಟಿನ ಮೇಲಿನ ನರಳಾಟ ಕನ್ನಡ ಅಥವಾ ತೆಲುಗು. ಪ್ರಶ್ನೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಅಷ್ಟೇ ಇದ್ದರೆ ಉತ್ತರ ಕೊಡುವವರು ಡಾಕ್ಟರು, ಹೆಡ್ ಸಿಸ್ಟರು, ಕ್ಲಾರ್ಕು. ಮಾವಶಿ ಬಿಟ್ಟುಹೋಗುತ್ತಾಳೆ, ಆಂಬುಲೆನ್ಸ್ ಡ್ರೈವರ್ ಬಿಟ್ಟುಹೋಗುತ್ತಾನೆ, ಊರಿನ ಆರೋಗ್ಯ ಕಾರ್ಯಕರ್ತೆ ಆಶಾತಾಯಿ ಬಿಟ್ಟುಹೋಗುತ್ತಾಳೆ. ಆ ರಾತ್ರಿ ನನ್ನ ಕೈ ತಡೆದವಳ ಉತ್ತರ ಇಲ್ಲದ ಅಳತೆ ನನಗೆ ಯಾತಕ್ಕೂ ಬೇಡ.

ಭಾಷೆಯ ಮಾತು ಬಂದದ್ದಕ್ಕೆ ಇನ್ನೊಂದು ಸಂಗತಿ. ನಮ್ಮ ಹೆಣ್ಣುಮಕ್ಕಳು ‘ಸಂಕಟ ಆಗಾಕತ್ತೈತ್ರಿ’ ಎನ್ನುತ್ತಾರೆ. ಎದೆಯಲ್ಲೋ ಹೊಟ್ಟೆಯಲ್ಲೋ ತಳಮಳ, ಓಕರಿಕೆ, ಉಸಿರು ಹಿಡಿದಂತೆ ಆಗುವುದು, ಎಲ್ಲ ಆ ಒಂದು ಮಾತಿನಲ್ಲಿದೆ. ಮರಾಠಿಯಲ್ಲಿ ‘ಸಂಕಟ’ ಎಂದರೆ ಆಪತ್ತು. ಕನ್ನಡ ಬಾರದ ಎಳೆಯ ಡಾಕ್ಟರು ಆ ಮಾತು ಕೇಳಿ, ಮನೆಯಲ್ಲಿ ಏನೋ ಕಷ್ಟ ಇರಬೇಕೆಂದು ತಿಳಿದು ಮುಂದಿನ ಕಾಟಿಗೆ ಹೋದದ್ದನ್ನು ನಾನೇ ಕಂಡಿದ್ದೇನೆ. ಹೃದಯಾಘಾತವನ್ನು ಹೆಂಗಸರು ಎಷ್ಟೋ ಸಲ ಇದೇ ಮಾತಿನಲ್ಲಿ ಹೇಳುತ್ತಾರೆ. ಆ ಡಾಕ್ಟರಿನ ತಪ್ಪೇನು? ಪಕ್ಕದಲ್ಲಿದ್ದ ಕನ್ನಡದ ಸಿಸ್ಟರಿಗೆ ಅರ್ಥ ಗೊತ್ತಿತ್ತು, ಹೇಳುವ ರೂಢಿ ಇರಲಿಲ್ಲ. ಭಾಷೆಯೂ ಸುರಕ್ಷತೆಯ ಒಂದು ಉಪಕರಣ. ನಾಡಿ ನೋಡುವಷ್ಟೇ ಅಗತ್ಯ ಅದು.

ಪ್ರಶ್ನೆಗಳನ್ನು ಕನ್ನಡಕ್ಕೆ ತರುವಾಗಲೂ ಜೋಕೆ ಬೇಕು. ತಪ್ಪನ್ನು ಬರೆದು ತಿಳಿಸುವುದಕ್ಕೆ ‘ದೂರು’ ಎಂಬ ಪದ ಬಳಸಿದಿರೋ, ಕೆಲಸ ಕೆಟ್ಟಿತು. ದೂರು ಎಂದರೆ ಇನ್ನೊಬ್ಬರ ಮೇಲೆ ಹೇಳುವುದು, ಚಾಡಿ. ‘ತಪ್ಪೊಪ್ಪಿಗೆ’ ಎಂದರೆ ಪೊಲೀಸ್ ಠಾಣೆ ನೆನಪಾಗುತ್ತದೆ. ನಮ್ಮ ಮಂದಿ ದಿನಾ ಆಡುವ ‘ಸ್ವಲ್ಪದಾಗ ತಪ್ಪಿತು’ ಎಂಬ ಮಾತೇ ಸಾಕು. ಇಂಥ ಸಂಗತಿ ಬರೆದಿಡುವ ವಹಿಯ ಮೇಲೆ ಹಾಗೇ ಬರೆಯಿರಿ. ಬರೆಯಲು ಬಾರದವರು ಹೇಳಲಿ, ಓದಿದವರು ಬರೆದುಕೊಳ್ಳಲಿ.

ಅಳೆದ ಮೇಲೆ ಅಂಕಿಯನ್ನು ಓದುವುದರಲ್ಲಿಯೂ ಎಡವುತ್ತೇವೆ. ಇಡೀ ಆಸ್ಪತ್ರೆಯ ಸರಾಸರಿ ತೆಗೆದು ‘ನಮ್ಮದು ಚಲೋ ಐತಿ’ ಎಂದು ಖುಷಿಪಡುವುದು ಒಂದು ತಪ್ಪು. ಡಾಕ್ಟರುಗಳ ಉತ್ತರವನ್ನೂ ಸಿಸ್ಟರುಗಳ ಉತ್ತರವನ್ನೂ ಬೇರೆ ಬೇರೆ ಇಟ್ಟು ನೋಡಿರಿ. ‘ಇಲ್ಲಿ ಯಾರು ಬೇಕಾದರೂ ಮಾತಾಡಬಹುದು’ ಎಂದು ಡಾಕ್ಟರು ಬರೆದು, ‘ಮಾತಾಡಲು ಹೆದರಿಕೆ’ ಎಂದು ಸಿಸ್ಟರು ಬರೆದಿದ್ದರೆ, ಆ ಎರಡರ ನಡುವಿನ ಅಂತರವೇ ನಿಮ್ಮ ದವಾಖಾನೆಯ ರೋಗ. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಪ್ರತಿ ತಿಂಗಳು ಮೇಲಿನ ಕಚೇರಿಗೆ ‘ನಿರಂಕ’ ವರದಿ ಹೋಗುತ್ತದೆ. ಒಂದೂ ತಪ್ಪಿಲ್ಲ, ಒಂದೂ ಅವಘಡವಿಲ್ಲ. ಮೇಲಿನವರಿಗೆ ಸಮಾಧಾನ. ಮನುಷ್ಯರು ದುಡಿಯುವ ಕಡೆ ತಪ್ಪು ಆಗದೇ ಇರುವುದಿಲ್ಲ. ನಿರಂಕ ಎಂದರೆ ಯಾರೂ ಹೇಳುತ್ತಿಲ್ಲ ಎಂದೇ ಅರ್ಥ. ವಹಿಯಲ್ಲಿ ನಮೂದುಗಳು ಹೆಚ್ಚಾದ ವರ್ಷ ಆ ದವಾಖಾನೆ ಕೆಟ್ಟಿತೆಂದು ತಿಳಿಯಬೇಡಿ. ಅಲ್ಲಿ ಹೆದರಿಕೆ ಇಳಿಯುತ್ತಿದೆ.

ಹೆದರಿಕೆಗೆ ಕಾರಣವಿಲ್ಲದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು, ಅಲಕ್ಷ್ಯದಿಂದ ಸಾವು ತಂದವರಿಗೆ ಐದು ವರ್ಷದವರೆಗೆ ಸೆರೆವಾಸ ಎನ್ನುತ್ತದೆ. ಚಿಕಿತ್ಸೆ ಮಾಡುವಾಗ ನೋಂದಾಯಿತ ವೈದ್ಯರಿಂದ ಆದರೆ ಎರಡು ವರ್ಷದವರೆಗೆ. ಸಿಸ್ಟರು ನೋಂದಾಯಿತ ವೈದ್ಯರ ಪಟ್ಟಿಯಲ್ಲಿ ಬರುವುದಿಲ್ಲ. ಇದ್ದವರಲ್ಲಿ ಸಂಬಳ ಕಡಿಮೆ, ಅಧಿಕಾರ ಕಡಿಮೆ, ರಾತ್ರಿಪಾಳಿ ಹೆಚ್ಚು, ಶಿಕ್ಷೆಯೂ ಹೆಚ್ಚು ಎಂದಾದರೆ ಆಕೆ ಹೇಗೆ ಬಾಯಿ ಬಿಟ್ಟಾಳು? ಇದು ಅನ್ಯಾಯವೆಂದು ನಾನು ಈ ವೇದಿಕೆಯ ಮೇಲಿಂದ ಸ್ಪಷ್ಟವಾಗಿ ಹೇಳುತ್ತೇನೆ. ಎರಡು ರಾತ್ರಿ ನಿದ್ದೆಗೆಟ್ಟು ಒಂದೇ ಬಣ್ಣದ ಎರಡು ಶೀಸೆಗಳನ್ನು ಅದಲುಬದಲು ಮಾಡಿದವಳನ್ನೂ, ಕುಡಿದು ಡ್ಯೂಟಿಗೆ ಬಂದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಎರಡನೆಯವನಿಗೆ ಶಿಕ್ಷೆ ಬೇಕು. ಮೊದಲನೆಯವಳಿಗೆ ಬೇಕಾದದ್ದು ಶೀಸೆಗಳನ್ನು ಬೇರೆ ಬೇರೆ ಕಪಾಟಿನಲ್ಲಿಡುವ ವ್ಯವಸ್ಥೆ, ಇನ್ನೊಂದು ಜೊತೆ ಕೈ.

ತಿದ್ದುವ ಕೆಲಸಕ್ಕೆ ಬರುತ್ತೇನೆ. ಇಲ್ಲಿಂದ ಬಹಳ ದೂರವಿಲ್ಲದ ಕರ್ನಾಟಕದಲ್ಲಿಯೇ ನಡೆದ ಒಂದು ಪ್ರಯೋಗ ನಿಮಗೆ ಗೊತ್ತಿರಲಿ. 2010ರಲ್ಲಿ, ತಾಲ್ಲೂಕು ಮಟ್ಟದ ಒಂದು ಹೆರಿಗೆ ಕೇಂದ್ರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆಯ ಚೀಟಿಯನ್ನು, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು, ಮೊದಲ ಸಲ ಪರೀಕ್ಷೆಗೆ ಹಚ್ಚಿದರು. ಹೆರಿಗೆಗೆ ಬಂದಾಗಿನಿಂದ ಮನೆಗೆ ಹೋಗುವವರೆಗೆ ಮಾಡಲೇಬೇಕಾದ 29 ಕೆಲಸಗಳನ್ನು ಲೆಕ್ಕಕ್ಕಿಟ್ಟುಕೊಂಡರು: ಕೈ ತೊಳೆದಿರಾ, ಬಿ.ಪಿ. ನೋಡಿದಿರಾ, ಕೂಸಿಗೆ ಉಸಿರು ಕೊಡುವ ಚೀಲ ಕೈಗೆಟುಕುವಲ್ಲಿದೆಯೇ, ಹೀಗೆ. ಚೀಟಿ ಬರುವ ಮೊದಲು ಒಂದು ಹೆರಿಗೆಗೆ ಸರಾಸರಿ 10 ಕೆಲಸ ಆಗುತ್ತಿದ್ದವು. ಬಂದ ಮೇಲೆ 25. ಅದೇ ಸಿಸ್ಟರು, ಅದೇ ಕೋಣೆ.

ಇದನ್ನು ನಂಬಿ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ದೊಡ್ಡ ಪ್ರಯೋಗಕ್ಕೆ ಇಳಿದರು; ಅರ್ಧದಷ್ಟು ಕಡೆ ಚೀಟಿ, ಉಳಿದ ಕಡೆ ಎಂದಿನಂತೆ. ಚೀಟಿಯ ಜೊತೆಗೆ ಪಕ್ಕದಲ್ಲಿ ನಿಂತು ಹೇಳಿಕೊಡುವ ತರಬೇತಿಯವರನ್ನೂ ಇಟ್ಟರು. 2017ರಲ್ಲಿ ಫಲ ಪ್ರಕಟವಾಯಿತು. ತರಬೇತಿಯವರು ಮೇಲಿಂದ ಮೇಲೆ ಬರುತ್ತಿದ್ದಾಗ ಚೀಟಿ ಇದ್ದ ಕೇಂದ್ರಗಳಲ್ಲಿ ನೂರಕ್ಕೆ 73ರಷ್ಟು ಕೆಲಸಗಳು ಆಗುತ್ತಿದ್ದವು. ಅವರು ಹೊರಟುಹೋಗಿ ಕೆಲವು ತಿಂಗಳಾದ ಮೇಲೆ ಅದು 62ಕ್ಕೆ ಇಳಿಯಿತು. ತಾಯಿ, ಕೂಸುಗಳ ಸಾವಿನಲ್ಲಿ ಮಾತ್ರ ಎರಡು ಕಡೆಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಚೀಟಿ ವ್ಯರ್ಥವೆಂದು ಕೆಲವರು ಇದನ್ನು ತೋರಿಸುತ್ತಾರೆ. ನಾನು ಹಾಗೆ ಓದುವುದಿಲ್ಲ. ಬಿ.ಪಿ. ಹೆಚ್ಚಿದೆ ಎಂದು ಚೀಟಿ ಹೇಳಬಲ್ಲದು. ಆದರೆ ಔಷಧ ಕಪಾಟಿನಲ್ಲಿ ಇರಬೇಕು, ದೊಡ್ಡ ಆಸ್ಪತ್ರೆಗೆ ಒಯ್ಯಲು ಗಾಡಿ ಬಾಗಿಲಲ್ಲಿ ನಿಂತಿರಬೇಕು, ಅಲ್ಲಿ ಎದುರುಗೊಳ್ಳುವವರು ಎಚ್ಚರವಿರಬೇಕು. ನಮ್ಮಲ್ಲಿ 2015ರಿಂದ ಕಾಯಾಕಲ್ಪ ಎಂಬ ಸ್ವಚ್ಛತೆಯ ಪ್ರಶಸ್ತಿ ಇದೆ, 2017ರಿಂದ ಹೆರಿಗೆ ಕೋಣೆಗಳಿಗೆ ಲಕ್ಷ್ಯ ಎಂಬ ಯೋಜನೆ ಇದೆ. ಒಳ್ಳೆಯ ಯೋಜನೆಗಳು. ಪರಿಶೀಲನೆಯವರು ಬರುವ ವಾರ ಸುಣ್ಣ ಹಚ್ಚಿ, ಹೋದ ವಾರ ಕೈಬಿಟ್ಟರೆ ಮಾತ್ರ ಯಾವುದೂ ಉಳಿಯುವುದಿಲ್ಲ.

ಸಣ್ಣ ದವಾಖಾನೆಯಲ್ಲಿ ನಾಳೆಯೇ ಆಗುವ ಕೆಲಸಗಳಿವೆ. ರೋಗಿಯ ಹೆಸರನ್ನು ನಾವು ಹೇಳಿ ‘ಹೌದಾ?’ ಎಂದು ಕೇಳಬಾರದು, ‘ನಿಮ್ಮ ಹೆಸರೇನ್ರಿ?’ ಎಂದು ಅವರ ಬಾಯಿಂದಲೇ ಹೇಳಿಸಬೇಕು. ಪುಸ್ತಕದಲ್ಲಿ ಹೆಸರಿನ ಜೊತೆ ಹುಟ್ಟಿದ ತಾರೀಖು ಕೇಳಿ ಎಂದಿರುತ್ತದೆ. ನಮ್ಮ ಹಿರಿಯರಿಗೆ ತಾರೀಖು ಎಲ್ಲಿ ಗೊತ್ತು? 1972ರ ಬರಗಾಲದಲ್ಲಿ ಎಷ್ಟು ದೊಡ್ಡವರಿದ್ದೆವು ಎನ್ನುವುದರ ಮೇಲೆ ವಯಸ್ಸು ಹೇಳುವ ಮಂದಿ ನಾವು. ತಂದೆಯ ಹೆಸರು, ಅಡ್ಡಹೆಸರು, ಊರು ಕೇಳಿ. ಫೋನಿನಲ್ಲಿ ಡಾಕ್ಟರು ಹೇಳಿದ ಔಷಧವನ್ನು ಸಿಸ್ಟರು ಬರೆದುಕೊಂಡು ತಿರುಗಿ ಓದಿ ಹೇಳಲಿ. ವೈದ್ಯಾಧಿಕಾರಿ ವಾರಕ್ಕೊಮ್ಮೆ ವಾರ್ಡಿನಲ್ಲಿ ನಿಂತು, ಮಾವಶಿಯನ್ನೂ ಸೇರಿಸಿ, ‘ಈ ವಾರ ಯಾವುದರ ಅಂಜಿಕೆ ಆತು?’ ಎಂದು ಕೇಳಲಿ. ಕೇಳಿದ್ದಕ್ಕೆ ಏನು ಮಾಡಿದೆವೆಂದು ಮುಂದಿನ ವಾರ ಹೇಳಲಿ. ಈ ಕೊನೆಯದು ತಪ್ಪಿದರೆ ಮೂರನೇ ವಾರ ಯಾರೂ ಬಾಯಿ ತೆರೆಯುವುದಿಲ್ಲ.

ನಿವೃತ್ತಿಯ ಹಿಂದಿನ ವರ್ಷ ನಾನು ಇನ್ನೂರು ಪುಟದ ಒಂದು ವಹಿ ತಂದು, ದಾರ ಕಟ್ಟಿ, ನಮ್ಮ ವಾರ್ಡಿನ ಗೋಡೆಗೆ ತೂಗುಹಾಕಿದೆ. ‘ಸ್ವಲ್ಪದಾಗ ತಪ್ಪಿತು’ ಎಂದು ಮೇಲೆ ಬರೆದೆ. ವಾರವಾದರೂ ಯಾರೂ ಮುಟ್ಟಲಿಲ್ಲ. ಎಂಟನೇ ದಿನ ಕೂತು ಮೊದಲ ಪುಟದಲ್ಲಿ ಇಬ್ಬರು ಸಿದ್ರಾಮಪ್ಪರ ಆ ರಾತ್ರಿಯನ್ನು ಬರೆದೆ. ನಾನು ಗದರಿದ್ದನ್ನೂ ಬಿಡದೆ ಬರೆದು ಕೆಳಗೆ ಸಹಿ ಮಾಡಿದೆ. ಎರಡನೇ ಪುಟ ಮರುದಿನವೇ ತುಂಬಿತು. ಒಬ್ಬ ಸಿಸ್ಟರ್ ಮರಾಠಿಯಲ್ಲಿ ಬರೆದಿದ್ದರು. ಅದರ ಕೆಳಗೆ ಯಾರದೋ ಓರೆಕೋರೆ ಕನ್ನಡ ಅಕ್ಷರ: ‘ಬಾತ್ರೂಮಿನ ಹತ್ರ ನೆಲ ಜಾರತೈತಿ, ಬಾಣಂತಿ ಬೀಳೂದು ತಪ್ಪಿತು.’ ಆ ದಿನವೇ ಅಲ್ಲಿ ಒರಟು ಫರಸಿ ಹಾಕಲು ಹೇಳಿದೆ.

ದವಾಖಾನೆಯವರಿಗೆ ಹೇಳುವುದನ್ನು ಹೇಳಿದ್ದೇನೆ. ಎದುರು ಕೂತ ನಿಮ್ಮಲ್ಲಿ ಬಹಳ ಜನ ರೋಗಿಗಳಾಗಿ, ರೋಗಿಗಳ ಮನೆಯವರಾಗಿ ದವಾಖಾನೆಗೆ ಹೋಗುವವರು. ಯಾವುದೇ ಔಷಧ ತೆಗೆದುಕೊಂಡ ಮೇಲೆ ಮೈಮೇಲೆ ಗಂಧೆ ಎದ್ದರೆ, ಚಳಿ ಬಂದು ನಡುಗಿದರೆ, ಕೂಡಲೇ ಸಿಸ್ಟರಿಗೆ, ಡಾಕ್ಟರಿಗೆ ಹೇಳಿ. 1800-180-3024 ಎಂಬ ಉಚಿತ ನಂಬರಿಗೆ ಫೋನ್ ಮಾಡಿ ನೀವೇ ಸರಕಾರಕ್ಕೆ ತಿಳಿಸಲೂ ಬಹುದು. ಬರೆದು ಕೊಡುವ ಫಾರ್ಮು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇದೆ. ಸೂಜಿಯೋ ಸಲಾಯಿನ್ನೋ ಹಿಡಿದು ಯಾರೇ ಹತ್ತಿರ ಬರಲಿ, ಅವರು ಕೇಳುವ ಮೊದಲೇ ನಿಮ್ಮ ಹೆಸರು, ತಂದೆಯ ಹೆಸರು, ಊರು ಹೇಳಿರಿ. ಇದು ಯಾತರ ಔಷಧವೆಂದು ಕೇಳಿರಿ. ನಿಮ್ಮ ಭಾಷೆಯಲ್ಲೇ ಕೇಳಿರಿ. ಯಾರಾದರೂ ಗದರಿದರೆ, ಒಂದು ಕಾಲಕ್ಕೆ ನಾನೂ ಹಾಗೆ ಗದರಿದವನೇ ಎಂದು ನೆನೆದು, ಇನ್ನೊಮ್ಮೆ ಕೇಳಿರಿ.